ಹೂವು ಎತ್ತಿಕೊಳ್ಳುವಷ್ಟು ಹೊತ್ತು

ಗಣಪತಿ ಕೂರಿಸಿದ ಪೆಂಡಾಲ್ ಎಂದರೆ ನಮ್ಮ ಮಾಂಬಳ್ಳಿ ಕಡೆ ಈಗ ಆರ್ಕೆಸ್ಟ್ರಾ ಅಷ್ಟೇ ಅಲ್ಲ, ಭರತನಾಟ್ಯವೂ ಉಂಟು. ಒಂದು ಸಂಜೆ ಆರು ಮಂದಿ ಹುಡುಗಿಯರು ಗೆಜ್ಜೆ ಕಟ್ಟಿ, ಬೊಗಸೆಯಲ್ಲಿ ಸೇವಂತಿಗೆ ಹಿಡಿದು ಸಾಲಾಗಿ ನಿಂತಿದ್ದರು. ಮೈಕ್‌ನವನು ಪೆನ್‌ಡ್ರೈವ್ ಚುಚ್ಚಿದ, ಪುಷ್ಪಾಂಜಲಿ ಮೊಳಗಿತು. ಕೊನೆಯ ಹುಡುಗಿಯ ಹೂವು ಕೈಜಾರಿತು. ಅವಳು ಬಗ್ಗಿ ಆಯ್ದುಕೊಳ್ಳುವುದರೊಳಗೆ ಹಾಡು ಮುಂದೆ ಓಡಿತ್ತು. ಉಳಿದ ಐವರು ದೇವರ ಪಾದಕ್ಕೆ ಹೂವು ಹಾಕಿದರು, ಇವಳದು ಮುಷ್ಟಿಯಲ್ಲೇ ಉಳಿಯಿತು.

ತಪ್ಪು ಅವಳದಲ್ಲ. ಹಾಡುವವರು ಎದುರಿಗೆ ಕೂತಿದ್ದರೆ ಇನ್ನೊಂದು ಆವರ್ತ ಎಳೆದು ಅವಳಿಗಾಗಿ ಕಾಯುತ್ತಿದ್ದರು. ಕಾಯಲಾರದ ಹಾಡು ಪ್ರಾರ್ಥನೆಯಾಗುವುದು ಹೇಗೆ?

ನಾಟ್ಯಶಾಸ್ತ್ರದ ಐದನೆಯ ಅಧ್ಯಾಯ ಇಡಿಯಾಗಿ ಪೂರ್ವರಂಗಕ್ಕೆ ಮೀಸಲು. ತೆರೆ ಸರಿಯುವ ಮೊದಲೇ ನಡೆಯಬೇಕಾದ ಒಂಬತ್ತು ಅಂಗಗಳನ್ನು ಭರತ ಅಲ್ಲಿ ಹೇಳುತ್ತಾನೆ. ವಾದ್ಯಗಳನ್ನು ಅಣಿಗೊಳಿಸುವುದು ಪ್ರತ್ಯಾಹಾರ. ಗಾಯಕರು ಬಂದು ಕೂರುವುದು ಅವತರಣ. ದನಿ ಹದಗೊಳಿಸುವುದು ಆರಂಭ. ವಾದ್ಯ ಸರಿಗೊಳಿಸುವುದು ಆಶ್ರಾವಣಾ. ದೇವರ ಸ್ತುತಿಯಾದ ನಾಂದಿ ಬರುವುದು ಇವೆಲ್ಲ ಆದ ಮೇಲೆ. ಅಂದರೆ ಶ್ರುತಿ ಹೊಂದಿಸುವುದೂ ಪೂಜೆಯೇ. ಪೆನ್‌ಡ್ರೈವ್ ನಮಗೆ ನಾಂದಿಯನ್ನು ಕೊಟ್ಟು ಅದರ ಹಿಂದಿನ ಅಣಿಯನ್ನೆಲ್ಲ ನುಂಗಿದೆ.

ಅದೇ ಅಧ್ಯಾಯದಲ್ಲಿ ಎಚ್ಚರಿಕೆಯೂ ಇದೆ: ಪೂರ್ವರಂಗದಲ್ಲಿ ಗೀತ, ವಾದ್ಯ, ನೃತ್ತ ಅತಿಯಾದರೆ ಆಡುವವರಿಗೂ ನೋಡುವವರಿಗೂ ಆಯಾಸ. ಜತಿಯ ಮೇಲೆ ಜತಿ ಪೇರಿಸಿ, ಕೊನೆಗೊಂದು ಶ್ಲೋಕ ಅಂಟಿಸಿದ ಇಂದಿನ ಎಷ್ಟೋ ಪುಷ್ಪಾಂಜಲಿಗಳಿಗೆ ಈ ಮಾತು ನೇರವಾಗಿ ತಾಗುತ್ತದೆ. ಭರತನಾಟ್ಯದ ಹೆಸರಾಂತ ಕಲಾವಿದೆ ಬಾಲಸರಸ್ವತಿ 1975ರ ತಮ್ಮ ಪ್ರಸಿದ್ಧ ಭಾಷಣದಲ್ಲಿ ನೃತ್ಯ ಕಛೇರಿಯನ್ನು ದೇವಾಲಯಕ್ಕೆ ಹೋಲಿಸಿದರು. ಅವರಿಗೆ ಕಛೇರಿಯ ಮೊದಲ ನೃತ್ಯವಾದ ಅಲರಿಪ್ಪೇ ಗೋಪುರ. ಆ ಎಣಿಕೆಯಲ್ಲಿ ಪುಷ್ಪಾಂಜಲಿಗೆ ಜಾಗವಿಲ್ಲ. ಹಾಗೆಂದು ಪುಷ್ಪಾಂಜಲಿ ಬೇಡವೆಂದು ನಾನು ಹೇಳುವುದಿಲ್ಲ. ಹೂವು ಹಿಡಿದು ರಂಗಕ್ಕೆ ಬರುವ ಮಗುವಿನ ಮೈಯಲ್ಲಿ ತಾನಾಗಿ ಒಂದು ವಿನಯ ಮೂಡುತ್ತದೆ, ಸಭೆಯ ಗದ್ದಲವೂ ತಗ್ಗುತ್ತದೆ. ಆದರೆ ಗೋಪುರದ ಮುಂದೆ ಅದಕ್ಕಿಂತ ಎತ್ತರದ ಚಪ್ಪರ ಹಾಕಬಾರದು.

ಹದವರಿತ ಪ್ರಾರ್ಥನೆಗೆ ನಮಗೆ ಮಾದರಿ ದೂರದಲ್ಲೇನೂ ಇಲ್ಲ. ಕೊಳ್ಳೇಗಾಲದ ಹಾದಿಯಲ್ಲೇ ಸಿಗುವ ಮೂಗೂರು, ಜೇಜಮ್ಮನಂಥ ನರ್ತಕಿಯ ಊರು. ಮೈಸೂರು ಅರಮನೆಯಲ್ಲಿ ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಬೆಳೆಸಿದ ಶೈಲಿಯಲ್ಲಿ ಅಭಿನಯವೇ ಜೀವ. ಒಂದು ಶ್ಲೋಕ ಹಿಡಿದು, ಒಂದೇ ಪದವನ್ನು ನಾಲ್ಕಾರು ಬಗೆಯಲ್ಲಿ ಕಣ್ಣು-ಕೈಗಳಿಂದ ಅರಳಿಸುವ ಕಲೆ ಅದು. ಹಾಡುಗಾರರು ನರ್ತಕಿಯ ಮುಖ ನೋಡುತ್ತ ಸಾಲು ತಿರುಗಿಸಿದರೆ ಮಾತ್ರ ಅದು ಸಾಧ್ಯ. ಗಣಪತಿಯ ಮೇಲೆ ಇಂಥ ಒಂದು ಶ್ಲೋಕ ಸಾಕು, ರಂಗ ತುಂಬುತ್ತದೆ.

ಇನ್ನೂ ಹತ್ತಿರದವರು ನೀಲಗಾರರು. ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಗದ್ದುಗೆಗೆ ನಡೆದುಕೊಳ್ಳುವ ಈ ಹಾಡುಗಾರರು ರಾತ್ರಿಯ ಕಥೆಗೆ ಕೂತಾಗ ಗಮನಿಸಿ. ತಂಬೂರಿಯ ಬಿರಡೆ ತಿರುವಿ, ತಂತಿ ಮೀಟಿ, ತಲೆ ಓರೆ ಮಾಡಿ ಆಲಿಸಿ, ಮತ್ತೆ ತಿರುವುತ್ತಾರೆ. ಡಕ್ಕಿ, ತಾಳದವರು ಕೂಡಿಕೊಳ್ಳುತ್ತಾರೆ. ಆಮೇಲೆ ಗುರು ಮಂಟೇಸ್ವಾಮಿಯನ್ನು, ಅವರ ಶಿಷ್ಯ ಸಿದ್ದಪ್ಪಾಜಿಯನ್ನು ಮನೆಯ ಹಿರಿಯರನ್ನು ಕರೆದಂತೆ ಕರೆಯುತ್ತಾರೆ. ಅಷ್ಟರಲ್ಲಿ ಮಕ್ಕಳು ಮಡಿಲು ಸೇರಿರುತ್ತವೆ, ಜಗಲಿ ಗುಡಿಯಾಗಿರುತ್ತದೆ. ಭರತ ಹೇಳಿದ ಆಶ್ರಾವಣಾ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಆ ಬಿರಡೆಯ ಕಿರುಗುಟ್ಟುವಿಕೆಯಿಂದ.

ಭರತನಾಟ್ಯ, ನೀಲಗಾರರ ಹಾಡು, ಎರಡರ ವ್ಯಾಕರಣವೂ ಬೇರೆ. ಒಂದನ್ನು ಇನ್ನೊಂದಕ್ಕೆ ಬೆಸೆಯಿರಿ ಎಂಬುದು ನನ್ನ ಮಾತಲ್ಲ. ಕಲಿಯಬೇಕಾದದ್ದು ಕರೆಯುವ ರೀತಿಯನ್ನು. ಇಡೀ ಮೇಳ ಕರೆಸಲು ಹಳ್ಳಿಯ ಸಮಿತಿಗಳ ಬಳಿ ದುಡ್ಡಿರುವುದಿಲ್ಲ, ನಿಜ. ಮಿಕ್ಕ ನೃತ್ಯಗಳಿಗೆ ಪೆನ್‌ಡ್ರೈವ್ ಇರಲಿ. ಮೊದಲ ಹಾಡಿಗಾದರೂ ಒಂದು ಶ್ರುತಿಪೆಟ್ಟಿಗೆ, ತಾಳ ಹಿಡಿದ ಗುರು, ಹಾಡಬಲ್ಲ ಒಬ್ಬ ತಾಯಿ ವೇದಿಕೆಯ ಪಕ್ಕ ಕೂರಲಿ. ಸಾಹಿತ್ಯಕ್ಕೂ ಪರದಾಡಬೇಕಿಲ್ಲ. ಕವಯಿತ್ರಿ ಸಂಚಿ ಹೊನ್ನಮ್ಮ ನಮ್ಮ ಯಳಂದೂರಿನವಳೇ. ‘ಹದಿಬದೆಯ ಧರ್ಮ’ವನ್ನು ಅವಳು ಬರೆದದ್ದು ಹಾಡಲೆಂದೇ ಇರುವ ಸಾಂಗತ್ಯದಲ್ಲಿ. ಕನ್ನಡ ಕಾವ್ಯಗಳ ಮೊದಲ ಪುಟಗಳಲ್ಲಿ ದೇವತಾಸ್ತುತಿಗೆ ಬರವೇ ಇಲ್ಲ. ಮಕ್ಕಳಿಗೆ ಅರ್ಥವಾಗುವ ನಾಲ್ಕು ಸಾಲು ಆರಿಸಿಕೊಂಡರೆ ಮುದ್ರೆಯ ಜೊತೆ ಮುಖವೂ ಅರಳುತ್ತದೆ.

ತಾಯಿ ಹಾಡುತ್ತಿದ್ದರೆ, ಮಗಳ ಕೈಯಿಂದ ಹೂವು ಜಾರಿದ್ದು ಅವಳಿಗೆ ಕಾಣುತ್ತದೆ. ಅದೇ ಸಾಲನ್ನು ಇನ್ನೊಮ್ಮೆ ಹಾಡುತ್ತಾಳೆ. ಆರನೆಯ ಹೂವೂ ಪಾದ ಸೇರುತ್ತದೆ.