ಕುಮಾರ ಗಂಧರ್ವರೂ ಅವರ ಇಬ್ಬಗೆಯ ಶ್ರೋತೃಗಳೂ

ಗಾಯಕನು ತನ್ನ ಗಾಯನದ ರೀತಿಯನ್ನು ಬದಲಿಸಿದಾಗ ಅವನ ಶ್ರೋತೃವರ್ಗದಲ್ಲಿ ಒಡಕು ಹುಟ್ಟುವುದು ಹೊಸ ಸಂಗತಿಯೇನೂ ಅಲ್ಲ. ಮೊದಲಿನ ರೀತಿಗೆ ಮನಸೋತವರು ಅದು ಕಡೆಯವರೆಗೂ ಹಾಗೆಯೇ ಇರಲೆಂದು ಬಯಸುತ್ತಾರೆ. ಆ ಬಯಕೆಯಲ್ಲಿ ಕೃತಜ್ಞತೆಯೂ ಉಂಟು, ಒಡೆತನದ ಭಾವವೂ ಉಂಟು. ಇವೆರಡನ್ನೂ ಬಿಡಿಸಿ ನೋಡುವುದು ವಿಮರ್ಶೆಯ ಕೆಲಸ. ಅದಕ್ಕೆ ಕುಮಾರ ಗಂಧರ್ವರಿಗಿಂತ ತಕ್ಕ ನಿದರ್ಶನ ಸಿಕ್ಕುವುದು ಕಷ್ಟ.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರ ಕೋಮಕಾಳಿಯವರು ಬಾಲ್ಯದಲ್ಲಿಯೇ 'ಕುಮಾರ ಗಂಧರ್ವ'ರೆನಿಸಿದರು. ಆ ಕೀರ್ತಿಗೆ ಮುಖ್ಯ ಕಾರಣ ಅನುಕರಣಶಕ್ತಿ. ದೊಡ್ಡ ಗಾಯಕರ ಧ್ವನಿಮುದ್ರಿಕೆಗಳನ್ನು ಕೇಳಿ ಈ ಬಾಲಕನು ಅವನ್ನು ಇದ್ದಕ್ಕಿದ್ದಂತೆ ಹಾಡಿ ತೋರಿಸುತ್ತಿದ್ದನು. ಜನರು ಬೆರಗಾದರು. ಆದರೆ ಅವರು ಅವನಲ್ಲಿ ಮೆಚ್ಚಿದ್ದು ಪರರ ಸಂಗೀತವನ್ನು ಎಂಬ ಮಾತನ್ನು ಮರೆಯಬಾರದು. ಮುಂದೆ ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಕ್ರಮಬದ್ಧವಾದ ಶಿಕ್ಷಣ ದೊರೆಯಿತು. ಅಷ್ಟರಲ್ಲಿ ಕ್ಷಯರೋಗ ಬಾಧಿಸಿತು. 1948ರಲ್ಲಿ ಹವೆ ಬದಲಿಸುವುದಕ್ಕಾಗಿ ಮಾಳವದ ದೇವಾಸಕ್ಕೆ ಹೋದರು. ಸುಮಾರು ಐದು ವರುಷ ಹಾಡುವಂತಿರಲಿಲ್ಲ. ಹಾಸಿಗೆಯಲ್ಲಿ ಮಲಗಿದವರ ಕಿವಿಗೆ ಮಾಳವದ ಹೆಣ್ಣುಮಕ್ಕಳ ಹಾಡುಗಳೂ, ಅಲೆಮಾರಿ ನಾಥಪಂಥಿಗಳ ಭಜನೆಗಳೂ ಬಿದ್ದವು. ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಜೀವ ಉಳಿಸಿತು. ಆದರೆ ಒಂದು ಶ್ವಾಸಕೋಶವು ಬಹುಮಟ್ಟಿಗೆ ನಿರುಪಯುಕ್ತವಾಯಿತು.

ಮತ್ತೆ ವೇದಿಕೆಗೆ ಬಂದ ಕುಮಾರರು ಬೇರೆಯೇ ಗಾಯಕರಾಗಿದ್ದರು. ದೀರ್ಘವಾದ ಸ್ವರಸಂಚಾರದ ಬದಲು ಚಿಕ್ಕ ಚಿಕ್ಕ ಸ್ವರಗುಚ್ಛಗಳು, ಅವುಗಳ ನಡುವೆ ಮೌನ, ಆ ಮೌನವನ್ನು ಸೀಳಿ ಏಳುವ ತಾರಸ್ವರ, ಚುರುಕಾದ ಬಂದಿಶ್‌ಗಳು. ಜಾನಪದ ಧಾಟಿಗಳಿಂದ ಅವರು ಹೊಸ ರಾಗಗಳನ್ನು ಕಂಡರು. 1965ರಲ್ಲಿ ಪ್ರಕಟವಾದ 'ಅನೂಪರಾಗವಿಲಾಸ'ದಲ್ಲಿ ತಮ್ಮ ರಚನೆಗಳನ್ನು ಸಂಗ್ರಹಿಸಿದರು. ನೇಕಾರ ಕಬೀರನ ನಿರ್ಗುಣ ಪದಗಳನ್ನು ಸಂಗೀತಸಭೆಯ ನಡುಮಧ್ಯಕ್ಕೆ ತಂದರು.

ಇಲ್ಲಿಗೆ ರಸಿಕರು ಇಬ್ಭಾಗವಾದರು. ವಿರೋಧಿಸಿದವರ ಮಾತನ್ನು ಹಗುರವಾಗಿ ಕಾಣತಕ್ಕದ್ದಲ್ಲ. ವಿಲಂಬಿತ ಖ್ಯಾಲವು ಹಿಂದುಸ್ತಾನಿ ಸಂಗೀತದ ಬೆನ್ನೆಲುಬು. ರಾಗವನ್ನು ಒಂದೊಂದೇ ಸ್ವರವಾಗಿ, ತಾಳ್ಮೆಯಿಂದ ಅರಳಿಸಬೇಕು. ಆ ಸಾವಧಾನ ಇವರಲ್ಲಿಲ್ಲ ಎಂಬುದು ಮೊದಲನೆಯ ಆಕ್ಷೇಪ. ಪ್ರತಿಯೊಬ್ಬನೂ ತನ್ನದೇ ದಾರಿ ಹಿಡಿದರೆ ಗುರುವಿನಿಂದ ಶಿಷ್ಯನಿಗೆ ಸಲ್ಲುವುದೇನು ಎಂಬುದು ಎರಡನೆಯದು. ಮೆಚ್ಚಿದವರಾದರೋ, ಸಂಗೀತವು ಅಭ್ಯಾಸದ ಜಾಡಿನಿಂದ ಬಿಡುಗಡೆ ಹೊಂದಿತೆಂದು ಹಿಗ್ಗಿದರು.

ಕುತೂಹಲದ ಸಂಗತಿಯೆಂದರೆ, ಉಭಯಪಕ್ಷದವರೂ ಆ ಶ್ವಾಸಕೋಶದ ಕಥೆಯನ್ನೇ ಆಶ್ರಯಿಸಿದ್ದು. ಉಸಿರಿಲ್ಲದ್ದರಿಂದ ಹೀಗೆ ಹಾಡುತ್ತಾರೆಂದು ಒಬ್ಬರು ತಳ್ಳಿದರೆ, ಉಸಿರಿಲ್ಲದೆಯೂ ಹಾಡುತ್ತಾರಲ್ಲಾ ಎಂದು ಮತ್ತೊಬ್ಬರು ಮರುಗಿದರು. ನನ್ನ ಮಟ್ಟಿಗೆ ಎರಡೂ ವಿಮರ್ಶೆಯಲ್ಲ. ಸ್ವರಗುಚ್ಛವು ಏಕೆ ಚಿಕ್ಕದಾಯಿತೆಂಬುದನ್ನು ರೋಗವು ವಿವರಿಸೀತು. ಅದು ಅದೇ ಜಾಗದಲ್ಲಿ ಏಕೆ ನಿಂತಿತೆಂಬುದನ್ನು ವಿವರಿಸಲಾರದು. ಮಾಳವದ ಹಾಡಿನಲ್ಲಿ ರಾಗದ ಬೀಜವನ್ನು ಗುರುತಿಸಿದ್ದು ಕಿವಿಯೇ ಹೊರತು ಶ್ವಾಸಕೋಶವಲ್ಲ.

ಧಾರವಾಡದ ಮಲ್ಲಿಕಾರ್ಜುನ ಮನಸೂರರನ್ನು ಇಲ್ಲಿ ನೆನೆಯಬಹುದು. ಅವರು ಮೊದಲು ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ತರುವಾಯ ಮಂಜೀಖಾನ್, ಬುರ್ಜೀಖಾನ್ ಸೋದರರಿಂದ ಜಯಪುರ ಪದ್ಧತಿಯನ್ನು ಪಡೆದರು. ಅದೂ ಬದಲಾವಣೆಯೇ. ಆದರೆ ಅದರ ಹಿಂದೆ ಅಲ್ಲಾದಿಯಾಖಾನರ ಮನೆತನದ ಮುದ್ರೆಯಿತ್ತು. ಕುಮಾರರ ಹೊಸ ದಾರಿಗೆ ಮುದ್ರೆಯೊತ್ತಿದವರು ಹೆಸರಿಲ್ಲದ ಹಳ್ಳಿಯ ಹೆಂಗಸರು. ಆದುದರಿಂದ ಎರಡನೆಯ ಆಕ್ಷೇಪದ ಬುಡದಲ್ಲಿರುವುದು ಬದಲಾವಣೆಯ ಭಯವಲ್ಲ, ಹಿರಿಯರ ಒಪ್ಪಿಗೆಯಿಲ್ಲದ ಬದಲಾವಣೆಯ ಭಯ ಎಂದು ತೋರುತ್ತದೆ. ಪರಂಪರೆಯನ್ನು ಮುರಿದರೆಂಬ ಆರೋಪ ಹೊತ್ತ ಈ ಗಾಯಕರೇ ಬಾಲಗಂಧರ್ವರ ಹಾಡುಗಳನ್ನು ತಾವು ಅರಿತಂತೆ ನಿರೂಪಿಸುವ ಕಾರ್ಯಕ್ರಮವನ್ನು ಕೊಟ್ಟರೆಂಬುದೂ ಗಮನಾರ್ಹ. ಹಿರಿಯರನ್ನು ಅವರು ತೊರೆಯಲಿಲ್ಲ. ನಕಲು ಮಾಡುವುದನ್ನು ತೊರೆದರು.

ಹಾಗೆಂದು ಮೊದಲನೆಯ ಆಕ್ಷೇಪವು ಬಿದ್ದುಹೋಗುವುದಿಲ್ಲ. ಭೀಮಸೇನ ಜೋಶಿಯವರ ನಿಧಾನವಾದ ರಾಗವಿಸ್ತಾರದಲ್ಲಿ ಪಳಗಿದ ಕಿವಿಗೆ ಕುಮಾರರಲ್ಲಿ ಒಂದು ಕೊರತೆ ಕಾಣುವುದು ದಿಟ. ಆದರೆ ಕೊರತೆಯೆಂಬುದು ಬೇರೆ, ದ್ರೋಹವೆಂಬುದು ಬೇರೆ. ಮೊದಲನೆಯದನ್ನು ಹೇಳುವ ಹಕ್ಕು ಶ್ರೋತೃವಿಗೆ ಉಂಟು. ಎರಡನೆಯದನ್ನು ಹೇಳುವ ಹಕ್ಕಿಲ್ಲ.

ಸಾಹಿತ್ಯದಲ್ಲಿಯೂ ಇದನ್ನೇ ಕಂಡಿದ್ದೇವೆ. 1944ರಿಂದ 1956ರವರೆಗೆ ಇದೇ ಸೊಲ್ಲಾಪುರದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಬೇಂದ್ರೆಯವರ 'ಗರಿ'ಯನ್ನು ಬಾಯಿಪಾಠ ಮಾಡಿದವರಲ್ಲಿ ಕೆಲವರು 'ನಾಕು ತಂತಿ'ಯ ಮುಂದೆ ತಬ್ಬಿಬ್ಬಾದರು. ಆದರೂ 1973ರ ಜ್ಞಾನಪೀಠ ಪ್ರಶಸ್ತಿ ಬಂದುದು ಆ ಸಂಕಲನಕ್ಕೇ.

ಶಿಕ್ಷಕರಾದ ನಮಗೆ ಇದು ಸಂಗೀತದ ಮಾತಷ್ಟೇ ಅಲ್ಲ. ಮೇಲ್ಪಂಕ್ತಿಯಂತೆಯೇ ತಿದ್ದುವ ಮಗುವಿಗೆ ನಾವು ಬಹುಮಾನ ಕೊಡುತ್ತೇವೆ; ಕೊಡಬೇಕಾದುದೂ ಸರಿಯೇ. ಅನುಕರಣವಿಲ್ಲದೆ ಕಲಿಕೆಯಿಲ್ಲ. ಆದರೆ ಅದೇ ಮಗು ನಾಳೆ ಬೇರೆ ರೀತಿಯಲ್ಲಿ ಬರೆದಾಗ, ಅದು ತಪ್ಪೋ ಅಥವಾ ನಮಗೆ ಒಗ್ಗದ್ದೋ ಎಂದು ಒಂದು ಗಳಿಗೆ ನಿಂತು ಯೋಚಿಸಬೇಕು. ಕನ್ನಡ, ಮರಾಠಿ, ತೆಲುಗು, ಉರ್ದುಗಳು ಒಂದೇ ಓಣಿಯಲ್ಲಿ ಕೇಳಿಬರುವ ಈ ಊರಿನ ಮಕ್ಕಳಿಗೆ ಪರರ ಹಾಡಿನಲ್ಲಿ ತನ್ನ ದನಿಯನ್ನು ಕಂಡುಕೊಂಡ ಕನ್ನಡಿಗನ ಕಥೆ ತಿಳಿಯುವುದು ಕಷ್ಟವಲ್ಲ. ಸಾಧ್ಯವಾದಲ್ಲಿ ಕುಮಾರರ ಬಾಲ್ಯದ ಧ್ವನಿಮುದ್ರಿಕೆಯೊಂದನ್ನೂ ದೇವಾಸದ ನಂತರದ್ದೊಂದನ್ನೂ ವರ್ಗದಲ್ಲಿ ಕೇಳಿಸಿರಿ. ಯಾವುದು ಮೇಲೆಂದು ಮೊದಲೇ ಹೇಳಬೇಡಿರಿ. ಮಕ್ಕಳು ತಮ್ಮಲ್ಲಿಯೇ ಇಬ್ಭಾಗವಾದರೆ, ಇಬ್ಬರಿಂದಲೂ ಕಾರಣಗಳನ್ನು ಕೇಳಿರಿ.