ಮರಳಿ ಕಟ್ಟಿದ ಗೋಡೆಗಳು: ಲಾ ಪುರಿಸಿಮ ಮಿಷನ್ ಉದ್ಯಾನದ ಒಂದು ವಿಮರ್ಶೆ

ಮಿಷನ್ ಕಾಲದ ಕಟ್ಟಡಗಳನ್ನು ಕಾಪಾಡಿ ಪ್ರದರ್ಶಿಸುವುದೂ ಸಭಾಚರಿತ್ರೆಯ ಒಂದು ವ್ಯಾಖ್ಯಾನವೇ. ಕ್ಯಾಲಿಫೋರ್ನಿಯದ ಲಾಂಪಾಕ್ ಪಟ್ಟಣದ ಬಳಿಯಿರುವ ಲಾ ಪುರಿಸಿಮ ಉದ್ಯಾನವನ್ನು ಸಂದರ್ಶಿಸಿದಾಗ ನಾವು ಅದನ್ನು ಹಾಗೆಯೇ ಓದಿದೆವು.

ಫ್ರಾನ್ಸಿಸ್ಕನ್ ಸನ್ಯಾಸಿಗಳು 1787ರಲ್ಲಿ ಸ್ಥಾಪಿಸಿದ ಈ ಮಿಷನ್ 1812ರ ಭೂಕಂಪದಲ್ಲಿ ಉರುಳಿ, ಮರುವರ್ಷ ಈಗಿನ ಕಣಿವೆಗೆ ಬಂದಿತು. 1834ರಲ್ಲಿ ಮೆಕ್ಸಿಕೊ ಸರಕಾರದ ಆಡಳಿತದಲ್ಲಿ ಅದು ಸಭೆಯ ಕೈತಪ್ಪಿದ ಮೇಲೆ ಗೋಡೆಗಳು ಕ್ರಮೇಣ ಮಣ್ಣಾದವು. ಇಂದು ಕಾಣುವುದು ಬಹುಮಟ್ಟಿಗೆ 1934ರಿಂದ 1941ರವರೆಗೆ ಸರಕಾರಿ ಉದ್ಯೋಗ ಯೋಜನೆಯ ಯುವಕರು ಹಸಿ ಇಟ್ಟಿಗೆಯಿಂದ ಮರಳಿ ಕಟ್ಟಿದ್ದು. ಅವರ ಶ್ರದ್ಧೆ ಮೆಚ್ಚತಕ್ಕದ್ದೇ. ಆದರೆ ಈ ಯುವಕರಿಗೆ ತಿಂಗಳ ವೇತನವಿತ್ತು. ಮೊದಲು ಇಟ್ಟಿಗೆ ಹೊತ್ತ ಚುಮಾಷ್ ಜನರಿಗೆ ಅದಿರಲಿಲ್ಲ, ದೀಕ್ಷಾಸ್ನಾನ ಪಡೆದ ಮೇಲೆ ಇಚ್ಛೆಬಂದಂತೆ ಬಿಟ್ಟುಹೋಗುವ ಸ್ವಾತಂತ್ರ್ಯವೂ ಇರಲಿಲ್ಲ.

ನೇಯ್ಗೆಯ ಕೋಣೆ, ಕಮ್ಮಾರಸಾಲೆ, ಮೇಯುವ ಕುರಿಗಳು ಎಲ್ಲವೂ ಕಣ್ಣಿಗೆ ಹಿತ. ಹಿತವಾಗಿರುವುದೇ ನಮ್ಮ ಆಕ್ಷೇಪ. ಅಂದವಾಗಿ ಎದ್ದುನಿಂತ ಕಟ್ಟಡಕ್ಕೆ ತನ್ನದೇ ಮಾತಿದೆ. ವಿವರಣೆಯ ಫಲಕಗಳು ಅದನ್ನು ಮೀರಿ ನುಡಿಯಲಾರವು. (ಬಾಸೆಲ್ ಮಿಷನ್ನಿನ ನೇಯ್ಗೆ, ಹೆಂಚುಗಳನ್ನು ಅಭಿಮಾನದಿಂದ ನೆನೆಯುವ ನಮಗೂ ಈ ಮಾತು ಅಷ್ಟೊಂದು ದೂರದ್ದಲ್ಲ.)

ದೇವಾಲಯದೊಳಗೆ ಫಾದರ್ ಮಾರಿಯಾನೊ ಪಯೇರಾಸರ ಸಮಾಧಿಯಿದೆ. ನಮ್ಮ ಪಾಲಿಗೆ ಉದ್ಯಾನದ ಹೃದಯ ಇದೇ. ತಮ್ಮ ಪರಿಸರದಲ್ಲಿ ಆರೋಗ್ಯದಿಂದಿದ್ದ ಜನರು ಮಿಷನ್ ಜೀವನಕ್ಕೆ ಬಂದೊಡನೆ ಸೊರಗಿ ಸಾಯುತ್ತಿದ್ದಾರೆಂದು ಅವರು 1820ರಲ್ಲಿ ಮೇಲಧಿಕಾರಿಗಳಿಗೆ ಬರೆದರು. ಇದು ವಿರೋಧಿಗಳ ಆರೋಪವಲ್ಲ, ಕ್ಯಾಲಿಫೋರ್ನಿಯದ ಮಿಷನ್‌ಗಳ ಅಧ್ಯಕ್ಷರಾಗಿದ್ದವರ ಅರಿಕೆ. ಅವರು ಸಾವುಗಳನ್ನು ಕಂಡರು, ದುಃಖಿಸಿದರು. ಕೆಲಸವನ್ನು ಮಾತ್ರ ನಿಲ್ಲಿಸಲಿಲ್ಲ. ಆತ್ಮವು ರಕ್ಷಣೆ ಹೊಂದಿತೆಂಬ ಭರವಸೆ ದೇಹದ ಲೆಕ್ಕವನ್ನು ಹಗುರ ಮಾಡಿತೇ? ವಾಕ್ಯವು ಶರೀರಧಾರಿಯಾದುದನ್ನು ಸಾರುವ ಸಭೆ ಈ ಪ್ರಶ್ನೆಯನ್ನು ಇತಿಹಾಸಕಾರರಿಗೆ ಬಿಟ್ಟುಕೊಡುವಂತಿಲ್ಲ.

ಅವರು ತೀರಿಕೊಂಡ ಮರುವರ್ಷ, 1824ರಲ್ಲಿ, ನೆರೆಯ ಸಾಂತಾ ಇನೆಸ್ ಮಿಷನ್ನಿನಲ್ಲಿ ಚುಮಾಷ್ ವ್ಯಕ್ತಿಯೊಬ್ಬನಿಗೆ ಬಿದ್ದ ಹೊಡೆತದಿಂದ ಹೊತ್ತಿದ ದಂಗೆ ಇಲ್ಲಿಗೂ ಹಬ್ಬಿತು. ಸುಮಾರು ಒಂದು ತಿಂಗಳು ಚುಮಾಷರೇ ಈ ಮಿಷನ್ನನ್ನು ಹಿಡಿದಿದ್ದರು. ಸೈನಿಕರು ಹೊರನಡೆದರೂ ಫಾದರ್ ಆಂಟೋನಿಯೊ ರೊಡ್ರಿಗೆಸ್ ದಂಗೆಯೆದ್ದವರ ನಡುವೆಯೇ ಉಳಿದರು. ಆ ತಿಂಗಳ ಆರಾಧನೆ ಹೇಗಿತ್ತು, ಯಾರು ಯಾರಿಗೆ ಏನನ್ನು ಸಾರಿದರು ಎಂದು ಊಹಿಸಲು ಯಾವ ಕಮ್ಮಾರಸಾಲೆಯೂ ನೆರವಾಗದು. ಅಲ್ಲಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಕಾರ್ಯಾಗಾರಗಳನ್ನು ಕಡೆಗಿರಿಸಿ, ಮೊದಲು ಆ ಸಮಾಧಿಯ ಬಳಿಗೂ ಬಳಿಕ ಹೊರಗಿನ ಶ್ಮಶಾನಕ್ಕೂ ಹೋಗಲಿ.