ತೆರೆಯ ಮೇಜರ್, ರಸ್ತೆಯ ಮೇಜರ್

ಯಲಹಂಕದ ಅಟ್ಟೂರಿನಲ್ಲಿ ನಾವು ತರಕಾರಿ ಚೀಲ ಹಿಡಿದು ಓಡಾಡುವ ರಸ್ತೆಗೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿದೆ. 2008ರ ನವೆಂಬರ್ 28ರಂದು ಮುಂಬಯಿಯ ತಾಜ್ ಹೋಟೆಲಿನಲ್ಲಿ, ಗಾಯಗೊಂಡ ಜೊತೆಗಾರನನ್ನು ಹೊರಗೆ ಕಳುಹಿಸಿ, ತಾವೊಬ್ಬರೇ ಉಗ್ರರ ಬೆನ್ನಟ್ಟಿ ಮಡಿದರು. ಆಗ ವಯಸ್ಸು 31. ಮರಣಾನಂತರ ಅಶೋಕ ಚಕ್ರ ಸಂದಿತು.

2022ರಲ್ಲಿ ತೆರೆಕಂಡ ‘ಮೇಜರ್’ ಇದೇ ಕಥೆ. ಅಡಿವಿ ಶೇಷ್ ನಾಯಕ. ಗುಂಡಿನ ಸದ್ದು, ಅಬ್ಬರದ ಸಂಗೀತ ಚಪ್ಪಾಳೆ ತಟ್ಟಿಸುತ್ತವೆ. ಗಾಯಾಳುವನ್ನು ಮೊದಲು ನೆನೆದ ಆ ಮನಸ್ಸು ಮಾತ್ರ ಅಬ್ಬರದಲ್ಲಿ ಮಸುಕಾಗುತ್ತದೆ. ತಾಯಿಯಾಗಿ ರೇವತಿ ಬಂದಾಗಲೇ ನಮಗೆ ಆ ಸಾವಿನ ಭಾರ ತಿಳಿಯುವುದು. ಚಿತ್ರ ಗೆಲ್ಲುವುದೂ ಅಲ್ಲೇ.

ಸಿನಿಮಾದ ಗೌರವ ಒಂದು ಸಂಜೆಯದು, ರಸ್ತೆಯದು ದಿನನಿತ್ಯದ್ದು. ಆಟೋದವರಿಗೆ ವಿಳಾಸ ಹೇಳುವಾಗ ಪೂರ್ತಿ ಹೆಸರು ಹೇಳೋಣ. ಪಕ್ಕದಲ್ಲಿ ಕೂತ ಮಗು “ಯಾರಮ್ಮ ಅವರು?” ಎಂದು ಕೇಳಲಿ.